ಜೋಡಿತಾಟಿನ ಖಾನಾವಳಿ

ಕಲಘಟಗಿ ದಾಟಿ ಯಲ್ಲಾಪುರದ ಹಾದಿ ಹಿಡಿದವರಿಗೆ ಬಲಗಡೆ ಒಂದು ಹೆಂಚಿನ ಖಾನಾವಳಿ ಸಿಗುತ್ತದೆ. ಊಟದ ಪಡಸಾಲೆಯ ನಟ್ಟನಡುವೆ ಹಳೆಯ ಮೋಟಾರ್ ಸೈಕಲ್ಲೊಂದು ನಿಂತಿದೆ. ಅದರ ಪಕ್ಕಕ್ಕೆ ಒಬ್ಬರು ಕೂರುವಂಥ ತಗಡಿನ ತೊಟ್ಟಿಲು. ಪೇಟೆಯ ಮಂದಿ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ತೊಟ್ಟಿಲಲ್ಲಿ ಮಾತ್ರ ಯಾರನ್ನೂ ಕೂರಗೊಡುವುದಿಲ್ಲ. ಹಲಗೆಯ ಮೇಲೆ ಬರೆದ ಹೆಸರು ಬೇರೆ ಏನೋ ಇದೆ, ಅದನ್ನು ಓದಿದವರು ಕಡಿಮೆ. ಸುತ್ತಲಿನವರಿಗೆ ಇದು ಜೋಡಿತಾಟಿನ ಖಾನಾವಳಿ.

ಹಿಂದೆ ಒಮ್ಮೆ, ಈ ರಸ್ತೆಗೆ ಡಾಂಬರು ಬೀಳುವ ಮೊದಲು, ಇದನ್ನು ನಡೆಸುತ್ತಿದ್ದವಳು ಬಸಲಿಂಗವ್ವ. ಗಾಡಿ ನಿಂತ ಸದ್ದಿಗೇ ಹೊರಗೆ ಇಣುಕಿ, ತಲೆ ಎಣಿಸಿ ತಾಟು ಹಾಕುವ ಚುರುಕಿನ ಹೆಂಗಸು. ತನ್ನ ಎಣಿಕೆ ಎಂದೂ ತಪ್ಪಿಲ್ಲ ಎಂಬ ಜಂಬವೂ ಸ್ವಲ್ಪ ಇತ್ತು. ಒಂದು ಮಧ್ಯಾಹ್ನ ಗದಗಿನ ಮೋಟಾರು ಮಿಸ್ತ್ರಿ ನಾರಾಯಣಸಾ ಈ ಗಾಡಿಯಲ್ಲಿ ಬಂದಿಳಿದ. ಅವಳು ಎರಡು ತಾಟು ಹಾಕಿ ಬಡಿಸಿದಳು.

"ನಾ ಒಬ್ಬಾವನ ಇದ್ದೀನ್ರಿ," ಎಂದ ಅವನು.

"ತೊಟ್ಟಲದಾಗ ಕುಂತಾರಲ್ರಿ, ಹಸರ ಸೀರಿಯವರು. ಅವರಿಗೆ ಹಸಿವಿಲ್ಲೇನು?"

ಅವನು ರೊಟ್ಟಿ ಕೆಳಗಿಟ್ಟು ಇದ್ದದ್ದನ್ನು ಹೇಳಿದ. ಹೆಂಡತಿ ಅಂಬೂಬಾಯಿಗೆ ಕಡಲು ತೋರಿಸಲೆಂದೇ ಅವನು ಆ ತೊಟ್ಟಿಲನ್ನು ತಾನೇ ಕಟ್ಟಿದ್ದ. ಹೊರಡಬೇಕಾದ ವಾರವೇ ಅವಳು ಜ್ವರದಲ್ಲಿ ತೀರಿಕೊಂಡಳು. ಚಿತೆಗೆ ಏರಿಸುವಾಗ ಉಡಿಸಿದ್ದು ಹಸಿರು ಸೀರೆ. ಈಗ ತೊಟ್ಟಿಲಲ್ಲಿದ್ದದ್ದು ಗೋಕರ್ಣಕ್ಕೆ ಒಯ್ಯುತ್ತಿದ್ದ ಅಸ್ಥಿಯ ಗಡಿಗೆ. "ಆಕಿಗೆ ಬಿಡುಗಡಿ ಆದ್ರ ಸಾಕ್ರಿ, ಅಕ್ಕಾರ," ಎಂದು ಅವನು ಕಣ್ಣೊರೆಸಿಕೊಂಡ. ಬಸಲಿಂಗವ್ವ ಮರುಗಿದಳು. ಆದರೆ ನಾಲಿಗೆಗೆ ಅದರದೇ ರೂಢಿ. ದಿನಕ್ಕೆ ನೂರು ಸಲ ಆಡುವ, ಆದರೆ ಸತ್ತವರನ್ನು ಕಳಿಸುವಾಗ ತಪ್ಪಿಯೂ ಆಡಬಾರದ ಮಾತನ್ನು ಗಾಡಿ ಹೊರಟಾಗ ಆಡಿಯೇಬಿಟ್ಟಳು: "ಹೋಗಿ ಬರ್ರಿ."

ಮೂರನೆಯ ದಿನ ಅವನು ಮರಳಿದ. ಮುಖ ಹಗುರಾಗಿತ್ತು. "ಸಮುದ್ರಕ್ಕ ಬಿಟ್ಟು ಬಂದೆ. ಈಗ ತೊಟ್ಟಲ ಖಾಲಿ ಅದ, ಹೌದಲ್ರಿ?"

ಬಸಲಿಂಗವ್ವ ಬಾಗಿಲಿನಿಂದ ನೋಡಿದಳು. ಹಸಿರು ಸೀರೆಯಾಕೆ ಅಲ್ಲೇ ಕುಳಿತಿದ್ದಳು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗಂಡನ ಕಡೆ ಅವಳ ಗಮನವೇ ಇರಲಿಲ್ಲ. ಬಾ ಎಂದು ಕರೆದವಳನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಬಸಲಿಂಗವ್ವನಿಗೆ ತನ್ನ ಮಾತು ನೆನಪಾಯಿತು. ಬಾಯಿ ತಪ್ಪಿ ಕರೆದದ್ದು ತಾನು, ಈ ಬಡಪಾಯಿ ಅದನ್ನು ಗದಗಿನವರೆಗೆ ಯಾಕೆ ಹೊರಬೇಕು?

"ಖಾಲಿ ಅದ," ಅಂದಳು. "ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗ್ರಿ. ಇದು ಕಣ್ಮುಂದಿದ್ರ ನಿಮಗ ದುಃಖ ಮುಗಿಯೂದಿಲ್ಲ."

ಅವನು ಬಸ್ಸು ಹತ್ತುವಾಗ "ಹೋಗ್ರಿ" ಎಂದಷ್ಟೇ ಅಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆಮೇಲೆ ಒಳಗೆ ಬಂದು ಎರಡು ತಾಟು ಹಾಕಿದಳು, ಒಂದು ತನಗೆ. ಬದುಕಿರುವತನಕ ಅವಳು ಒಬ್ಬಳೇ ಕೂತು ಉಂಡದ್ದಿಲ್ಲ ಎನ್ನುತ್ತಾರೆ.

ಇವತ್ತಿಗೂ ಮಧ್ಯಾಹ್ನದ ಮೊದಲ ತಾಟು ತೊಟ್ಟಿಲ ಮುಂದೆ. ಕಡಲು ಇಲ್ಲಿಂದ ನೂರು ಕಿಲೋಮೀಟರಿಗೂ ದೂರ, ಆದರೂ ತೊಟ್ಟಿಲಿನ ಸೀಟಿನ ಮೇಲೆ ಬೆಳ್ಳಗೆ ಉಪ್ಪು ಕೂತಿರುತ್ತದೆ. ಒರೆಸಿದರೆ ಮಾರನೆಯ ದಿನ ಮತ್ತೆ ಇರುತ್ತದೆ. ಉಂಡು ಹೊರಟವರಿಗೆ ಇಲ್ಲಿ ಯಾರೂ ಹೋಗಿ ಬನ್ನಿ ಎನ್ನುವುದಿಲ್ಲ. ಸೊಕ್ಕು ಎಂದುಕೊಂಡು ಕೆಲವರು ಮುನಿಸಿಕೊಳ್ಳುತ್ತಾರೆ. ತಿಳಿದವರು ಮಾತ್ರ, ತಮ್ಮ ಗಾಡಿ ಏರುವ ಮುಂಚೆ ಪಕ್ಕದ ಸೀಟನ್ನೊಮ್ಮೆ ಕೈಯಿಂದ ಮುಟ್ಟಿ, ಒಣಗಿದೆ ಎಂದು ಖಾತ್ರಿ ಮಾಡಿಕೊಂಡು ಹೊರಡುತ್ತಾರೆ.