ಎರಡು ಸಲ ಒತ್ತಿದ ಗುಂಡಿ

ಆಸ್ಪತ್ರೆಯೊಂದಕ್ಕೆ ಮಾತ್ರೆ ಕೊಡುವ ಹೊಸ ರೋಬಾಟ್ ಬಂತು. ಬಾಗಿಲು ತೆರೆಯುವ ಮುಂಚೆಯೇ, ತಪ್ಪು ಹುಡುಕುವುದೇ ಕೆಲಸವಾಗಿದ್ದ ಪರೀಕ್ಷಕ ರೋಬಾಟ್ ಬಂದು ಅದರ ಗುಂಡಿಯನ್ನು ಪಟಪಟನೆ ಎರಡು ಸಲ ಒತ್ತಿತು. ಎರಡು ಹೊತ್ತಿನ ಮಾತ್ರೆ ಒಟ್ಟಿಗೇ ಬಿತ್ತು.

"ಯಾರಯ್ಯಾ ಹೀಗೆ ಒತ್ತುತ್ತಾರೆ? ನನ್ನ ಮಾನ ಕಳೆಯಲೆಂದೇ ಬಂದೆಯಾ?" ಎಂದು ಹೊಸ ರೋಬಾಟ್ ಸಿಡುಕಿತು.

"ಕೈ ನಡುಗುವವರು ಒತ್ತುತ್ತಾರೆ. ತಿದ್ದಿಕೋ," ಎಂದಿತು ಪರೀಕ್ಷಕ.

ಹೊಸ ರೋಬಾಟ್ ಗೊಣಗುತ್ತಲೇ ತನ್ನ ಪ್ರೋಗ್ರಾಂ ತಿದ್ದಿಕೊಂಡಿತು.

ಬಾಗಿಲು ತೆರೆಯಿತು. ಮೊದಲು ಬಂದವಳು ಗುರುಬಸವ್ವಜ್ಜಿ. ನಡುಗುವ ಬೆರಳು ಗುಂಡಿಗೆ ಎರಡು ಸಲ ತಾಗಿತು. ಬಿದ್ದದ್ದು ಒಂದೇ ಹೊತ್ತಿನ ಮಾತ್ರೆ. ಅಜ್ಜಿ ಬಿದ್ದಷ್ಟನ್ನೂ ಅಲ್ಲೇ ನುಂಗಿ, "ತಣ್ಣಗಿರು ಮಗನೇ," ಎಂದು ಹರಸಿ ಹೋದಳು.

ಎರಡು ಹೊತ್ತಿನದು ಬಿದ್ದಿದ್ದರೂ ಹೀಗೇ ನುಂಗುತ್ತಿದ್ದಳಲ್ಲ ಎಂದು ಹೊಸ ರೋಬಾಟ್ ಬೆಚ್ಚಿತು. ಆ ಆಶೀರ್ವಾದ ಯಾರಿಗೆ ಸಲ್ಲಬೇಕೆಂಬುದು ಅದಕ್ಕೆ ಗೊತ್ತಿತ್ತು.

ಈಗ ದಿನವೂ ಬಾಗಿಲು ತೆರೆಯುವ ಮುಂಚೆ ತಾನೇ ಪರೀಕ್ಷಕನನ್ನು ಕೂಗಿ ಕರೆಯುತ್ತದೆ: "ಬಾರಣ್ಣಾ, ಮೊದಲು ನೀನು ನನ್ನನ್ನು ಸೋಲಿಸು."