ಬಕ್ಷಿಯ ಮೀಸೆಗೆ ಕುಂಚ

ಅರಮನೆಯ ಚಿತ್ರಶಾಲೆಯಲ್ಲಿ ಬಣ್ಣ ಅರೆಯುವ ಮಾಳವ್ವನಿಗೆ ಆ ಬೆಳಿಗ್ಗೆ ಕೈತುಂಬ ಕೆಲಸ. ಅರಮನೆಯ ಹಿರಿಯ ಅಧಿಕಾರಿ ಬಕ್ಷಿ ತಿಪ್ಪಾಜಯ್ಯ ತನ್ನ ಚಿತ್ರ ಬರೆಸಲು ಚಿತ್ರಗಾರನ ಮುಂದೆ ಬಂದು ಕೂತಿದ್ದ. ಅವನ ಆಳು ಬುಟ್ಟಿಯಲ್ಲಿ ನಾಲ್ಕು ಅಳಿಲು ಹಿಡಿದು ತಂದಿದ್ದ.

"ಇವನ್ನು ಕೊಂದು ಬಾಲದ ಕೂದಲಿಂದ ಕುಂಚ ಕಟ್ಟು. ನನ್ನ ಮೀಸೆಯ ಒಂದೊಂದು ಎಳೆಯೂ ಕಾಣಬೇಕು," ಎಂದು ಮಾಳವ್ವನಿಗೆ ಹೇಳಿದ ಬಕ್ಷಿ.

"ಕೇದಗೆ ಬೇರು ಜಜ್ಜಿ ಮಾಡಿದ ಕುಂಚ ಇದೆ, ಬುದ್ಧಿ. ಎಳೆ ಎಳೆಯಾಗಿ ಬರೆಯುತ್ತೆ."

"ಬೇರಿನಿಂದ ಮೀಸೆಯೇ? ಕೂದಲನ್ನು ಕೂದಲೇ ಬರೆಯಬೇಕು."

ಬುಟ್ಟಿಯೊಳಗೆ ಪರಪರ ಸದ್ದು ಜೋರಾಯಿತು. ಮಾಳವ್ವ ಸೆರಗು ಸಿಕ್ಕಿಸಿ, ಕತ್ತರಿ ಹಿಡಿದು ಬಕ್ಷಿಯ ಮುಂದೆಯೇ ಹೋಗಿ ನಿಂತಳು.

"ಬುದ್ಧಿಯೋರು ಹೇಳಿದ್ದು ದಿಟ. ಆದರೆ ಅಳಿಲಿನ ಕೂದಲಿಂದ ಬರೆದರೆ ಅಳಿಲಿನ ಮೀಸೆಯೇ ಬಂದೀತು. ತಮ್ಮ ಮೀಸೆಗೆ ತಮ್ಮದೇ ಕೂದಲಾಗಬೇಕು. ಒಂದು ಕಡೆಯದು ಸಾಕು. ತುಸು ಮುಖ ಎತ್ತಬೇಕು."

ಬಕ್ಷಿಯ ಎರಡೂ ಕೈ ಮೀಸೆ ಮುಚ್ಚಿದವು. ಚಿತ್ರಗಾರ ನಗು ತಡೆಯಲಾರದೆ ಗೋಡೆಯತ್ತ ತಿರುಗಿದ. ಬಕ್ಷಿ ಕೆಮ್ಮಿ, "ಬುಟ್ಟಿ ಬಿಚ್ಚಿಬಿಡು," ಎಂದು ಆಳಿಗೆ ಹೇಳಿದ. ಅಳಿಲುಗಳು ಕಿಟಕಿ ಹಾರಿ ಓಡಿದವು.

ಕೇದಗೆ ಬೇರಿನ ಕುಂಚದಿಂದಲೇ ಬರೆದ ಚಿತ್ರದಲ್ಲಿ ಮೀಸೆಯ ಎಳೆ ಎಳೆಯೂ ಎದ್ದು ಕಂಡಿತು. ನೋಡಲು ಬಂದವರಿಗೆಲ್ಲ ಬಕ್ಷಿ, "ಬೇರಿನ ಕುಂಚ ಆರಿಸಿದವನು ನಾನೇ," ಎನ್ನುತ್ತಿದ್ದ. ಮಾಳವ್ವ ಎದುರಿದ್ದರೆ ಮಾತ್ರ, ಹಾಗೆನ್ನುವಾಗ ಅವನ ಕೈ ಮೀಸೆ ಬಿಟ್ಟು ಕದಲುತ್ತಿರಲಿಲ್ಲ.