ಇಳಿಸಬಾರದ ಗಾಜು

"ಗುರುಗಳೇ, ಒಂದು ತಪ್ಪು ಮಾಡಿದ್ದೇನೆ. ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಏನೋ ಒಂದು ಮಾತು ಹೇಳಿ ಮುಚ್ಚಿಬಿಟ್ಟೆ. ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಆದರೂ ಹೋಗಿ ಒಪ್ಪಿಕೊಳ್ಳಲೇಬೇಕೆ?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಏನು ತಪ್ಪು ಎಂದು ವಿಚಾರಿಸಲಿಲ್ಲ.

"ಹೇಳಬೇಕಾಗಿಲ್ಲ ಬಿಡು ಅಂತ ನನ್ನ ಬಾಯಿಂದ ಹೊರಡಿಸಲು ಬಂದಿದ್ದೀಯ. ಒಂದು ಕತೆಯಿದೆ, ಕೂತು ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿಯಿದ್ದ. ಮನೆ ಕಟ್ಟುವವನಲ್ಲ, ಕಾರು ರಿಪೇರಿ ಮಾಡುವವನು. ಹೊಸ ಕಾರುಗಳ ತಂಟೆಗೆ ಅವನು ಹೋಗುತ್ತಿರಲಿಲ್ಲ. ಅವನ ಕೈ ಪಳಗಿದ್ದು ಹಳೆಯ ಗಾಡಿಗಳಲ್ಲಿ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಗಾಜನ್ನೂ ಒಡೆದವನಲ್ಲ ಎಂದು ಊರಿನವರು ಹೇಳುತ್ತಿದ್ದರು. ಊರಿನವರಿಗಿಂತ ಹೆಚ್ಚು ಸಲ ಅವನೇ ಹೇಳಿಕೊಳ್ಳುತ್ತಿದ್ದ.

ಅದೇ ಊರಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಎಪ್ಪತ್ತು ದಾಟಿದ ಹೆಂಗಸು. ಅವರ ಹತ್ತಿರ ಐವತ್ತು ವರ್ಷದ ಹಳೆಯ ಸ್ಪೋರ್ಟ್ಸ್ ಕಾರೊಂದಿತ್ತು. ಎರಡೇ ಸೀಟು, ನೆಲಕ್ಕೆ ತಾಗುವಷ್ಟು ತಗ್ಗು. ಒಳಗೆ ಕೂರಲು ಪೂರ್ತಿ ಬಗ್ಗಬೇಕು, ಏಳಲು ಯಾರಾದರೂ ಕೈ ಕೊಡಬೇಕು. ಆದರೂ ಆಕೆ ದಿನವೂ ತಾವೇ ಓಡಿಸುತ್ತಿದ್ದರು. ಎಡಬಾಗಿಲಿನ ಗಾಜು ಎಂದೋ ಸಿಕ್ಕಿಕೊಂಡು ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಗಾಳಿಗೆ ಇದ್ದದ್ದು ಬಲಗಡೆಯ ಕಿಟಕಿಯೊಂದೇ. ಒಂದು ದಿನ ಅದರ ಗಾಜೂ ಜಾರಿ ಬಾಗಿಲಿನ ಹೊಟ್ಟೆಯೊಳಗೆ ಬಿತ್ತು. ಕಾರು ಮೇಸ್ತ್ರಿಯ ಗ್ಯಾರೇಜಿಗೆ ಬಂತು.

ಮೇಸ್ತ್ರಿ ತಿರುಗಿಸುವ ಹಿಡಿ ಬಿಚ್ಚಿದ. ಬಾಗಿಲಿನ ಒಳಹೊದಿಕೆ ತೆಗೆದ. ಗಾಜನ್ನು ಏರಿಸಿ ಇಳಿಸುವ ಹಲ್ಲುಚಕ್ರ ಸವೆದುಹೋಗಿತ್ತು. ಅದನ್ನು ಸರಿಮಾಡಬೇಕಾದರೆ ಗಾಜನ್ನು ಹೊರಗೆ ತೆಗೆಯಲೇಬೇಕು.

ಅವನದೊಂದು ಕ್ರಮವಿತ್ತು. ಗಾಜು ತೆಗೆಯುವ ಮೊದಲು ನೆಲದ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಿದ್ದ. ಗಾಜನ್ನು ಅದರ ಮೇಲೆ ಮಲಗಿಸುತ್ತಿದ್ದನೇ ಹೊರತು ಎಂದೂ ನಿಲ್ಲಿಸುತ್ತಿರಲಿಲ್ಲ. ಅಂದು ಕೌದಿಯನ್ನು ಒಗೆದು ಹಿತ್ತಲಲ್ಲಿ ಒಣಹಾಕಿದ್ದರು. ಹೋಗಿ ತರುವುದಕ್ಕೆ ಸೋಮಾರಿತನ. ಒಂದು ಗಳಿಗೆಗೆ ಏನಾಗುತ್ತದೆ ಎಂದು ಗಾಜನ್ನು ಕಲ್ಲುಹಾಸಿನ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಿದ.

ಟಿಕ್ ಎಂದಿತು.

ಎತ್ತಿ ನೋಡಿದ. ಕೆಳಗಿನ ಅಂಚಿನಲ್ಲಿ ಎಳ್ಳುಕಾಳಿನಷ್ಟು ಚೂರು ಹಾರಿತ್ತು. ಅಂಥ ಗಾಜಿನ ಮುಖಕ್ಕೆ ಗುದ್ದಿದರೂ ಅದು ತಡೆದುಕೊಳ್ಳುತ್ತದೆ. ಅಂಚಿಗೆ ಪೆಟ್ಟು ಬಿದ್ದರೆ ಮಾತ್ರ ಅದರ ಮೇಲೆ ಭರವಸೆಯಿಡುವಂತಿಲ್ಲ. ಇವತ್ತಾಗಬಹುದು, ಆರು ತಿಂಗಳ ಮೇಲಾಗಬಹುದು, ಏರಿಸಿ ಇಳಿಸುವಾಗಿನ ಸಣ್ಣ ಅದುರಿಗೂ ಒಮ್ಮೆಲೇ ಪುಡಿಪುಡಿಯಾಗಿ ಸಿಡಿದುಬಿಡುತ್ತದೆ. ಅವನಿಗೆ ಇದು ಗೊತ್ತಿತ್ತು. ಆ ಕಾರಿನ ಗಾಜು ಈಗ ಎಲ್ಲಿಯೂ ತಯಾರಾಗುವುದಿಲ್ಲ ಎನ್ನುವುದೂ ಗೊತ್ತಿತ್ತು.

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಕೆಳಗಿನ ಅಂಚು ತಗಡಿನ ಪಟ್ಟಿಯೊಳಗೆ ಕೂರುತ್ತದೆ, ಪಟ್ಟಿ ಬಾಗಿಲಿನೊಳಗೆ ಅಡಗುತ್ತದೆ. ಹಲ್ಲುಚಕ್ರ ಸರಿಮಾಡಿ, ಹೊಸ ರಬ್ಬರು ಹಾಕಿ, ಗಾಜನ್ನು ಕೂರಿಸಿ ಎಲ್ಲ ಮುಚ್ಚಿಬಿಟ್ಟ.

ಕಾರು ಒಯ್ಯಲು ಡಾಕ್ಟರಮ್ಮ ಬಂದರು. ಬೇರೆ ದಿನವಾಗಿದ್ದರೆ ಗಿರಾಕಿಯ ಕೈಯಿಂದಲೇ ಮೂರು ಸಲ ಗಾಜು ಏರಿಸಿ ಇಳಿಸಿ ಮಾಡಿಸುತ್ತಿದ್ದ. ಅಂದು ಆಕೆ ಹಿಡಿಗೆ ಕೈ ಹಾಕಿದ ಕೂಡಲೇ ಮೇಸ್ತ್ರಿ ತನ್ನ ಕೈ ಅಡ್ಡ ಹಿಡಿದ.

"ಮುಟ್ಟಬೇಡಿ ಅಮ್ಮ! ಹೊಸ ರಬ್ಬರು, ಅಂಟು ಹಿಡೀಬೇಕು. ಗಾಜು ಇಳಿಸಬಾರದು."

"ಎಷ್ಟು ದಿನ?"

"ನಾನು ಹೇಳೋ ತನಕ."

"ಆಯ್ತಪ್ಪ. ಹೇಳಿದ ಪಥ್ಯ ಮಾಡದೆ ಇದ್ದೋರಿಗೆಲ್ಲ ಬೈದು ಬೈದು ಮುದುಕಿಯಾದೋಳು ನಾನು. ನಿನ್ನ ಮಾತು ಮೀರ್ತೀನಾ?" ಎಂದು ನಕ್ಕು ಹೋದರು.

ಅಂಟು ಎಂಬುದು ಶುದ್ಧ ಸುಳ್ಳು. ಅಲ್ಲಿ ಹಿಡಿಯಬೇಕಾದ ಅಂಟೇ ಇರಲಿಲ್ಲ. ಮೇಸ್ತ್ರಿ ಉಸಿರು ಬಿಟ್ಟ. ಬದುಕಿದೆ ಎಂದುಕೊಂಡ.

ಬದುಕಿದವನು ಅಂದಿನಿಂದ ಒಂದು ದಿನವೂ ನೆಮ್ಮದಿಯಾಗಿರಲಿಲ್ಲ. ಮನೆಯಲ್ಲಿ ಲೋಟ ಬಿದ್ದರೆ ಎದ್ದು ನಿಲ್ಲುತ್ತಿದ್ದ. ರಸ್ತೆಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಕೈಯಲ್ಲಿದ್ದ ಸ್ಪ್ಯಾನರ್ ಜಾರುತ್ತಿತ್ತು. ಡಾಕ್ಟರಮ್ಮನ ಮುಖದ ತುಂಬ ಗಾಜಿನ ಪುಡಿ, ಕಣ್ಣಲ್ಲಿ ಗಾಜಿನ ಪುಡಿ, ಕಾರು ಹೋಗಿ ಎಲ್ಲಿಗೋ ಗುದ್ದಿದೆ. ಊಟಕ್ಕೆ ಕೂತರೂ ಅದೇ ಚಿತ್ರ, ಕಣ್ಣು ಮುಚ್ಚಿದರೂ ಅದೇ. ಆ ಕಾರಿನ ಸದ್ದು ಕೇಳಿದರೆ ಗ್ಯಾರೇಜಿನ ಒಳಕೋಣೆಗೆ ಹೋಗಿ ನಿಲ್ಲುತ್ತಿದ್ದ. ಹೇಳಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನಿಸುತ್ತಿತ್ತು. ಒಂದು ಗಾಜನ್ನೂ ಒಡೆಯದವನು ಎಂಬ ಹೆಸರು ನೆನಪಾಗಿ ಹತ್ತು ಸಲವೂ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದ.

ಬೇಸಿಗೆ ಏರಿತು. ಒಂದು ದಿನ ಆಕೆಯೇ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರು. ಅವನು ತಪ್ಪಿಸಿಕೊಳ್ಳಲಾಗಲಿಲ್ಲ. ಬಾಗಿಲನ್ನು ಒಂದಿಷ್ಟೇ ತೆರೆದು, "ಗಾಜು ಚೆನ್ನಾಗಿದೆ ಮೇಸ್ತ್ರಿ, ಒಳಗೆ ನಾನು ಬೇಯ್ತಾ ಇದೀನಿ. ಇನ್ನೂ ಎಷ್ಟು ದಿನ?" ಎಂದು ಕೇಳಿದರು.

"ಇನ್ನೊಂದು ವಾರ ಅಮ್ಮ" ಎಂದ.

ಆ ವಾರದಲ್ಲೇ ಒಂದು ಮಧ್ಯಾಹ್ನ ಗ್ಯಾರೇಜಿನ ಆಚೆಯ ರೈಲ್ವೆ ಗೇಟು ಹಾಕಿತ್ತು. ಒಂದರ ಹಿಂದೆ ಒಂದು ಎರಡು ಗೂಡ್ಸ್ ಗಾಡಿ ಹೋಗುವ ತನಕ ವಾಹನಗಳು ಸಾಲಾಗಿ ಬಿಸಿಲಿನಲ್ಲಿ ನಿಂತಿದ್ದವು. ಗೇಟು ತೆಗೆದರೂ ಒಂದು ಕಾರು ಕದಲಲಿಲ್ಲ. ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಹೊಡೆದರು. ಆಮೇಲೆ ಇಳಿದು ಓಡಿದರು. "ಡಾಕ್ಟರಮ್ಮನ ಕಾರು" ಎಂದು ಯಾರೋ ಕೂಗಿದ್ದು ಮೇಸ್ತ್ರಿಯ ಕಿವಿಗೆ ಬಿತ್ತು.

ಅವನು ಓಡಿದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಾದ ಡಾಂಬರು ಸುಡುವುದೂ ತಿಳಿಯಲಿಲ್ಲ. ಒಡೆಯಿತು, ಮುಗಿಯಿತು ಎಂಬುದೊಂದೇ ತಲೆಯಲ್ಲಿತ್ತು. ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿ ನೋಡಿದ.

ಗಾಜು ಒಡೆದಿರಲಿಲ್ಲ. ನೆಟ್ಟಗೆ, ಮೇಲಿನ ತನಕ ಏರಿ, ಹೇಗೆ ಕೂರಿಸಿದ್ದನೋ ಹಾಗೇ ಇತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಸದ್ಯ ಎಂದು ಬಾಯಿಬಿಟ್ಟೇ ಹೇಳಿದ.

ಆಮೇಲೆ ಗಾಜಿನೊಳಗೆ ಕಣ್ಣು ಹೋಯಿತು. ಡಾಕ್ಟರಮ್ಮನ ತಲೆ ಸ್ಟಿಯರಿಂಗಿನ ಮೇಲೆ ಬಿದ್ದಿತ್ತು. ಮುಖ ಕೆಂಡವಾಗಿತ್ತು. ಸೀರೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು.

ಬಾಗಿಲು ತೆಗೆದು ಆಕೆಯನ್ನು ಹೊರಗೆಳೆದರು. ಮುಖಕ್ಕೆ ನೀರು ಹಾಕಿದರು. ಯಾರೋ ಆಟೋ ತಂದರು. ಮೇಸ್ತ್ರಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆಸ್ಪತ್ರೆಯ ದಾರಿಯಲ್ಲಿ ಒಮ್ಮೆ ಆಕೆ ಕಣ್ಣು ಬಿಟ್ಟರು. ಅವನ ಗುರುತು ಹತ್ತಿತು.

"ಇಳಿಸಿಲ್ಲ ಮೇಸ್ತ್ರಿ" ಎಂದರು. "ಒಂದು ಸಲವೂ ಇಳಿಸಿಲ್ಲ."

ಮತ್ತೆ ಕಣ್ಣು ಮುಚ್ಚಿದರು. ಆಗ ಮೇಸ್ತ್ರಿಯ ಬಾಯಿಂದ ಎಲ್ಲ ಬಂತು. ಕೌದಿ, ಕಲ್ಲು, ಎಳ್ಳುಕಾಳಿನಷ್ಟು ಚೂರು, ಇಲ್ಲದ ಅಂಟು. ಅಳುತ್ತ ಹೇಳಿದ, ಮೊದಲಿಂದ ಕೊನೆಯ ತನಕ ಹೇಳಿದ, ಮುಗಿಸಿ ಮತ್ತೆ ಮೊದಲಿಂದ ಹೇಳಿದ. ಆಟೋದವನಿಗೆ ಕೇಳಿಸಿತು. ಆಕೆಗೆ ಕೇಳಿಸಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಹಣೆಯ ಮೇಲೆ ಬೆವರು ಮೂಡಿತ್ತು. ಗುರುಗಳು ಮುಂದುವರಿಸುವಂತೆ ಕಾಣಲಿಲ್ಲ.

"ಗುರುಗಳೇ, ಕೊನೆಗೆ ಆ ಗಾಜು ಒಡೆಯಿತೇ?" ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

"ಆ ತಾಯಿ ಉಳಿದರೇ ಅಂತ ಕೇಳಲಿಲ್ಲವಲ್ಲಪ್ಪ, ನೀನೂ ಮೊದಲು ಗಾಜನ್ನೇ ನೋಡಿದೆ."